ಡಿಸ್ಚಾರ್ಜ್ ಚೀಟಿಯ ಆಚೆ: ಮನೋರೋಗಿಯ ಮನೆಯತನಕ ಆಸ್ಪತ್ರೆ ಬರುತ್ತದೆಯೇ?

ಮನೋರೋಗ ವಾರ್ಡಿನಿಂದ ಬಿಡುಗಡೆಯಾಗುವ ದಿನ ಮನೆಯವರ ಕೈಗೆ ಸಿಗುವುದು ಮೂರು: ಡಿಸ್ಚಾರ್ಜ್ ಚೀಟಿ, ಹದಿನೈದು ದಿನಕ್ಕೋ ತಿಂಗಳಿಗೋ ಆಗುವಷ್ಟು ಮಾತ್ರೆ, ಮತ್ತೆ ಬರಬೇಕಾದ ತಾರೀಖು. ಚೀಟಿಯಲ್ಲಿ ಕಾಯಿಲೆಯ ಹೆಸರು, ಮಾತ್ರೆಯ ಪ್ರಮಾಣ ಎಲ್ಲ ಇಂಗ್ಲಿಷಿನಲ್ಲಿರುತ್ತವೆ. ನಡುರಾತ್ರಿ ಎರಡಕ್ಕೆ ಬಾಗಿಲು ತೆಗೆದು ಹೊರಟರೆ ಏನು ಮಾಡಬೇಕು, ಮಾತ್ರೆ ಒಲ್ಲೆ ಎಂದು ತಟ್ಟೆ ಎಸೆದರೆ ಯಾರನ್ನು ಕೇಳಬೇಕು, ಕತ್ತು ಒಂದು ಕಡೆಗೆ ಸೆಳೆದುಕೊಂಡರೆ ಅದು ಕಾಯಿಲೆಯೋ ಔಷಧಿಯ ಪರಿಣಾಮವೋ ಎಂಬುದು ಅದರಲ್ಲಿ ಇರುವುದಿಲ್ಲ. ಮನೆಯವರು ಮರುದಿನ ಬೆಳಗಿನಿಂದಲೇ ಎದುರಿಸಬೇಕಾದ ಪ್ರಶ್ನೆಗಳು ಮಾತ್ರ ಅವೇ.

ಕರ್ನಾಟಕದಲ್ಲಿ ಮನೋವೈದ್ಯರು ಇಂದು ತಾಲ್ಲೂಕಿನವರೆಗೂ ಬರುತ್ತಾರೆ. ದೇಶದ ಬಹುಪಾಲು ಕಡೆಗೆ ಹೋಲಿಸಿದರೆ ಇದು ದೊಡ್ಡ ಸಾಧನೆಯೇ. ಆದರೆ ತಾಲ್ಲೂಕಿಗೆ ತಲುಪಿರುವುದು ಮುಖ್ಯವಾಗಿ ಮಾತ್ರೆ. ವರ್ಷಗಟ್ಟಲೆ ಆ ಮಾತ್ರೆ ನುಂಗಿಸಿ, ನಿದ್ದೆ ಕಾದು, ಹೊಲಕ್ಕೆ ಜೊತೆಗೆ ಕರೆದುಕೊಂಡು ಹೋಗುವ ಅಮ್ಮ, ಅಣ್ಣ, ಹೆಂಡತಿಗೆ ಬೇಕಾದ ತರಬೇತಿ ಅಷ್ಟು ದೂರ ಬಂದಿಲ್ಲ. ಸೇವೆಯ ಸರಪಳಿ ತುಂಡಾಗುತ್ತಿರುವುದು ಇಲ್ಲಿಯೇ.

ಮನೆಯವರನ್ನು ಹೊರಗಿಡದ ಪರಂಪರೆ

ಕುಟುಂಬವನ್ನು ಚಿಕಿತ್ಸೆಯೊಳಗೆ ತಂದದ್ದು ಭಾರತಕ್ಕೆ ಹೊಸದೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಕಣ್ಣೆದುರೇ ಗುಣವಾಗುವುದನ್ನು ಕಂಡರು, ಔಷಧಿ ಕೊಡುವುದನ್ನು ಕಲಿತರು, ಮನೆಗೆ ಕರೆದೊಯ್ಯುವ ಧೈರ್ಯ ತಂದುಕೊಂಡರು. ಮುಂದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಆಮೇಲೆ ನಿಮ್ಹಾನ್ಸ್ ಇದನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದವು. ಇಡೀ ಕುಟುಂಬವನ್ನೇ ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ಕೇಂದ್ರ ನಿಮ್ಹಾನ್ಸಿನಲ್ಲಿ ದಶಕಗಳಿಂದ ನಡೆಯುತ್ತಿದೆ.

ಆಸ್ಪತ್ರೆಯ ಗೋಡೆಯಾಚೆಗಿನ ಪ್ರಯೋಗವೂ ನಮ್ಮಲ್ಲಿಯೇ ಆಯಿತು. 1970ರ ದಶಕದಲ್ಲಿ ನಿಮ್ಹಾನ್ಸ್ ಆನೇಕಲ್ ಬಳಿಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರೇ ಸಾಮಾನ್ಯ ಮನೋರೋಗಗಳನ್ನು ಗುರುತಿಸಿ ಔಷಧಿ ಕೊಡಬಲ್ಲರೆಂದು ಅಲ್ಲಿ ತೋರಿಸಿಕೊಟ್ಟರು. ಅದನ್ನೇ 1985ರಿಂದ ಬಳ್ಳಾರಿ ಜಿಲ್ಲೆಯುದ್ದಕ್ಕೂ ನಡೆಸಿದರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ.

ಆದರೂ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಯನ್ನು ಅವಲಂಬಿಸಿ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಈ ಅಂತರಕ್ಕೆ ಡಾಕ್ಟರು ಇಲ್ಲದ್ದೊಂದೇ ಕಾರಣವಲ್ಲ. ಒಮ್ಮೆ ಬಂದವರು ಮತ್ತೆ ಬರದಿರುವುದೂ ದೊಡ್ಡ ಕಾರಣ. ಅದು ಹೇಗಾಗುತ್ತದೆ ಎಂಬುದನ್ನು ಮನೆಯ ಒಳಗಿನಿಂದಲೇ ನೋಡಬೇಕು.

ಮಾತ್ರೆ ಎಲ್ಲಿ ನಿಲ್ಲುತ್ತದೆ

ಸ್ಕಿಜೋಫ್ರೇನಿಯಾ ಅಥವಾ ಬೇರೆ ಸೈಕೋಸಿಸ್ (ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಅನುಮಾನ ಕಾಡುವ ಕಾಯಿಲೆ) ಇರುವವರಿಗೆ ರಿಸ್ಪೆರಿಡೋನ್, ಓಲಾಂಜಪಿನ್‌ನಂಥ ಔಷಧಿ ಕೊಡುತ್ತಾರೆ. ನಿದ್ದೆ, ಸಿಟ್ಟು ಮೊದಲ ವಾರದಲ್ಲೇ ಹತೋಟಿಗೆ ಬರುತ್ತವೆ. ಕಿವಿಯಲ್ಲಿ ಕೇಳುವ ದನಿ, ಅನುಮಾನ ತಗ್ಗಲು ನಾಲ್ಕಾರು ವಾರ ಬೇಕು. ಮೊದಲ ಸಲ ಬಂದ ಕಾಯಿಲೆಯಾದರೂ ಗುಣವಾದ ಮೇಲೆ ಒಂದೆರಡು ವರ್ಷ ಮಾತ್ರೆ ಮುಂದುವರಿಯಬೇಕು, ಮರುಕಳಿಸಿದ್ದರೆ ಇನ್ನೂ ಬಹಳ ವರ್ಷ. ಮನೆಯವರು ಮಾತ್ರ ಎರಡು–ಮೂರು ತಿಂಗಳಿಗೆ ‘ಈಗ ಚೆನ್ನಾಗಿದ್ದಾನಲ್ಲ’ ಎಂದು ನಿಲ್ಲಿಸುತ್ತಾರೆ.

ಇಲ್ಲೊಂದು ಮೋಸವಿದೆ. ಮಾತ್ರೆ ಬಿಟ್ಟ ಮರುದಿನ ಕಾಯಿಲೆ ತಿರುಗಿ ಬರುವುದಿಲ್ಲ. ಬದಲಿಗೆ ಜೋಂಪು, ಜೊಲ್ಲು ಕಡಿಮೆಯಾಗಿ ಮನುಷ್ಯ ಮೊದಲಿಗಿಂತ ಲವಲವಿಕೆಯಿಂದ ಕಾಣುತ್ತಾನೆ. ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಮನೆಯವರಿಗೆ ಅನಿಸುತ್ತದೆ. ಕೆಲವು ವಾರ ಅಥವಾ ತಿಂಗಳುಗಳ ನಂತರ ಕಾಯಿಲೆ ಮರುಕಳಿಸಿದಾಗ ಅದಕ್ಕೂ ಮಾತ್ರೆ ಬಿಟ್ಟದ್ದಕ್ಕೂ ಸಂಬಂಧ ಹೊಳೆಯುವುದೇ ಇಲ್ಲ. ಅಮಾವಾಸ್ಯೆ, ದಾಯಾದಿಗಳ ಮಾಟ, ಊರ ಜಾತ್ರೆಯಲ್ಲಿ ಆದ ಜಗಳ ಕಾರಣವಾಗಿ ಕಾಣುತ್ತವೆ. ಬಿಡುಗಡೆಯ ದಿನ ಈ ಒಂದು ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಎಷ್ಟೋ ಮರುದಾಖಲಾತಿಗಳು ತಪ್ಪುತ್ತವೆ.

ಅಡ್ಡಪರಿಣಾಮ ಎರಡನೆಯ ಕಾರಣ. ಕತ್ತು ಅಥವಾ ಕಣ್ಣುಗುಡ್ಡೆ ಸೆಳೆದು ನಿಲ್ಲುವುದು, ಕೈ ನಡುಕ, ಕೂತಲ್ಲಿ ಕೂರಲಾಗದೆ ಕಾಲು ಚಡಪಡಿಸುವುದು ಇವೆಲ್ಲ ಔಷಧಿಯಿಂದಲೇ ಬರಬಹುದು. ಚಡಪಡಿಕೆಯನ್ನು ಮನೆಯವರು ಹುಚ್ಚು ಹೆಚ್ಚಿತೆಂದು ತಿಳಿದು ಇನ್ನೊಂದು ಮಾತ್ರೆ ಸೇರಿಸಿದರೆ ಅದು ಮತ್ತಷ್ಟು ಹೆಚ್ಚುತ್ತದೆ. ಕತ್ತು ಸೆಳೆದರೆ ಹತ್ತಿರದ ಯಾವುದೇ ಆಸ್ಪತ್ರೆಗೆ ಮಾತ್ರೆಯ ಪಟ್ಟಿ ಹಿಡಿದು ಹೋದರೆ ಸಾಕು, ಒಂದು ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಗಂಟೆಯೊಳಗೆ ಸರಿಯಾಗುತ್ತದೆ. ತೂಕ ಏರುವುದು, ಮುಟ್ಟು ನಿಲ್ಲುವುದು ನಿಧಾನವಾಗಿ ಕಾಣಿಸುವ ತೊಂದರೆಗಳು. ಮುಟ್ಟು ನಿಂತದ್ದನ್ನು ಹೆಣ್ಣುಮಕ್ಕಳು ಗಂಡಸು ಡಾಕ್ಟರಿಗೆ ಹೇಳದೆ ಸುಮ್ಮನೆ ಮಾತ್ರೆ ಬಿಡುವುದು ಬಹಳ. ನರ್ಸ್ ಆಗಲಿ ಆಶಾ ಕಾರ್ಯಕರ್ತೆಯಾಗಲಿ ಇದನ್ನು ತಾವಾಗಿಯೇ ಕೇಳಬೇಕು.

ಕೆಲವು ಔಷಧಿಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಬೈಪೋಲಾರ್ ಕಾಯಿಲೆಗೆ (ಕೆಲಕಾಲ ಅತಿ ಉತ್ಸಾಹ, ಕೆಲಕಾಲ ಖಿನ್ನತೆ ಬರುವ ಕಾಯಿಲೆ) ಕೊಡುವ ಲಿಥಿಯಂ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿ ಈಕ್ವಿವಲೆಂಟ್ ಒಳಗಿರಬೇಕು, ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಬಂದು ರಕ್ತ ಕೊಟ್ಟರೆ ಮಟ್ಟ ಹೆಚ್ಚೆಂದು ತಪ್ಪು ಲೆಕ್ಕ ಬರುತ್ತದೆ. ವಾಂತಿ ಭೇದಿಯಾದಾಗ, ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದಾಗ, ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗಿದಾಗ ಲಿಥಿಯಂ ಮೈಯಲ್ಲಿ ಏರುತ್ತದೆ. ಕೈ ಜೋರಾಗಿ ನಡುಗಿ, ನಾಲಿಗೆ ತೊದಲಿ, ನಡಿಗೆ ತೂರಾಡಿದರೆ ಅದು ಕುಡಿದ ಅಮಲಲ್ಲ. ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಬೇರೆ ಔಷಧಿಗಳಿಗೆ ಬಗ್ಗದ ಕಾಯಿಲೆಗೆ ಕೊಡುವ ಕ್ಲೋಜಪಿನ್‌ಗೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ನಡುವೆ ಜ್ವರ, ಗಂಟಲು ನೋವು ಬಂದರೆ ಅದೇ ದಿನ ರಕ್ತ ಪರೀಕ್ಷೆಯಾಗಬೇಕು. ಎರಡು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಪ್ರಮಾಣವನ್ನೇ ಒಮ್ಮೆಗೇ ನುಂಗಿಸಬಾರದು, ವೈದ್ಯರು ಮತ್ತೆ ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ವಾರಕ್ಕೊಮ್ಮೆಯ ಈ ರಕ್ತ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ವ್ಯವಸ್ಥೆಯಿಲ್ಲದಿದ್ದರೆ ಬೆಂಗಳೂರಿನಲ್ಲಿ ಬರೆದುಕೊಟ್ಟ ಕ್ಲೋಜಪಿನ್ ರಾಯಚೂರಿನ ಹಳ್ಳಿಯಲ್ಲಿ ಹೆಚ್ಚು ದಿನ ನಡೆಯದು.

ಸಣ್ಣ ವಿಷಯವೆಂದು ಬಿಡಬಾರದ್ದು ಇನ್ನೊಂದಿದೆ. ಸರ್ಕಾರಿ ಪೂರೈಕೆಯಲ್ಲಿ ಕಂಪನಿ ಬದಲಾದಾಗ ಮಾತ್ರೆಯ ಬಣ್ಣ, ಗಾತ್ರ ಬದಲಾಗುತ್ತದೆ. ‘ಬಿಳಿ ಮಾತ್ರೆ ಬೆಳಿಗ್ಗೆ, ಹಳದಿ ರಾತ್ರಿ’ ಎಂದು ನೆನಪಿಟ್ಟುಕೊಂಡಿದ್ದ ತಾಯಿಗೆ ಅದು ಬೇರೆಯೇ ಔಷಧಿ. ಆಕೆ ಹಳೆಯದನ್ನೂ ಹೊಸದನ್ನೂ ಸೇರಿಸಿ ಕೊಡುತ್ತಾಳೆ, ಇಲ್ಲವೇ ಎರಡನ್ನೂ ನಿಲ್ಲಿಸುತ್ತಾಳೆ. ಪೊಟ್ಟಣದ ಮೇಲೆ ಸೂರ್ಯ–ಚಂದ್ರನ ಗುರುತು ಬರೆದುಕೊಡಲು ಫಾರ್ಮಸಿಯವರಿಗೆ ಅರ್ಧ ನಿಮಿಷ ಸಾಕು.

ಸೋಮಾರಿತನವಲ್ಲ ಅದು

ಆಸ್ಪತ್ರೆಯ ಮನೋಸಾಮಾಜಿಕ ಕಾರ್ಯಕರ್ತರು ಮನೆಯವರೊಡನೆ ಕೂತು ಮಾಡಬೇಕಾದ ಮುಖ್ಯ ಕೆಲಸ ಮಾತಿನದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನಗಳು ಒಂದು ವಿಷಯ ತೋರಿಸಿದವು: ಸದಾ ಟೀಕೆ, ಹಗೆ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗೆ ಮರಳಿದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆ. ಚಂಡೀಗಢದಲ್ಲಿಯೂ ಇದನ್ನು ಪರೀಕ್ಷಿಸಿದರು. ಅಲ್ಲಿನ ಮನೆಗಳಲ್ಲಿ ಟೀಕೆಯ ಪ್ರಮಾಣ ಲಂಡನ್ನಿಗಿಂತ ಕಡಿಮೆಯೇ ಇತ್ತು. ಇದನ್ನು ಹೇಳುವಾಗ ಎಚ್ಚರ ಬೇಕು. ಮನೆಯವರಿಂದ ಕಾಯಿಲೆ ಬಂತು ಎಂಬ ಅರ್ಥ ಇದಕ್ಕಿಲ್ಲ. ಹಾಗೆ ಕೇಳಿಸಿಕೊಂಡ ತಾಯಿ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಟೀಕೆ ಹುಟ್ಟುವುದು ಹೆಚ್ಚಾಗಿ ತಪ್ಪು ತಿಳಿವಳಿಕೆಯಿಂದ. ಕೂಗಾಟ ನಿಂತ ಮೇಲೂ ಸ್ಕಿಜೋಫ್ರೇನಿಯಾದಲ್ಲಿ ಮಂಕು ಉಳಿಯುತ್ತದೆ. ಹನ್ನೊಂದಾದರೂ ಏಳುವುದಿಲ್ಲ, ಸ್ನಾನ ಬೇಡ, ಯಾರೊಡನೆಯೂ ಮಾತಿಲ್ಲ, ಮುಖದಲ್ಲಿ ನಗುವಿಲ್ಲ. ಕಾಯಿಲೆಯ ಈ ಭಾಗ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ‘ಕೂಗಾಡೋದು ನಿಂತಿದೆ, ಈಗ ಬರೀ ಸೋಮಾರಿ’ ಎಂದು ಮನೆಯವರು ಹೇಳುವುದು ಇದನ್ನೇ. ಬೈಗುಳ ಇಲ್ಲಿಂದ ಶುರುವಾಗುತ್ತದೆ.

‘ದಂಡಪಿಂಡ, ಎದ್ದು ಕೆಲಸ ನೋಡು’ ಎನ್ನುವ ಬದಲು ‘ಹತ್ತು ಗಂಟೆಗೆ ತೋಟಕ್ಕೆ ನೀರು ಬಿಡೋಣ, ನೀನು ಮೋಟರ್ ಹಾಕು’ ಎನ್ನುವುದು ಚಿಕಿತ್ಸೆಯೇ. ಒಂದು ಸಲಕ್ಕೆ ಒಂದೇ ಕೆಲಸ, ಚಿಕ್ಕದು, ಹೊತ್ತು ಹೇಳಿ, ಜೊತೆಗೆ ನಿಂತು. ಮೊದಲ ವಾರ ಹಲ್ಲುಜ್ಜಿ ಸ್ನಾನ ಮಾಡಿದರೆ ಸಾಕು. ಎರಡನೆಯ ವಾರ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತರಲಿ. ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು, ಮಾಡದ್ದನ್ನು ಎತ್ತಿ ಆಡಬಾರದು. ‘ನಿನ್ನ ವಾರಗೆಯವರು ನೋಡು, ಮನೆ ಕಟ್ಟಿದ್ದಾರೆ’ ಎಂಬ ಮಾತು ಕೆಲಸ ಕೆಡಿಸುತ್ತದೆ. ಇಲ್ಲದ ದನಿ ಕೇಳಿಸುತ್ತಿದೆ ಎಂದರೆ ವಾದಕ್ಕಿಳಿಯುವುದೂ ಬೇಡ, ಹೌದೆನ್ನುವುದೂ ಬೇಡ: ‘ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಹೆದರಿಕೆಯಾಗುತ್ತಿದೆ ಅಂತ ಗೊತ್ತು, ಇಲ್ಲೇ ಕೂತಿರುತ್ತೇನೆ.’

ಮರುಕಳಿಸುವ ಮುನ್ಸೂಚನೆ ಒಬ್ಬೊಬ್ಬರಲ್ಲಿ ಒಂದೊಂದು ತರಹ. ಒಬ್ಬರಿಗೆ ಎರಡು ರಾತ್ರಿ ನಿದ್ದೆ ಹೋಗುವುದು, ಇನ್ನೊಬ್ಬರಿಗೆ ದಿನಕ್ಕೆ ಹತ್ತಾರು ಫೋನ್ ಮಾಡುವುದು, ಮತ್ತೊಬ್ಬರಿಗೆ ಮನೆಯವರು ಬಡಿಸಿದ ಊಟ ಬೇಡವೆಂದು ಬಾಳೆಹಣ್ಣು ಮಾತ್ರ ತಿನ್ನುವುದು. ರೋಗಿ ಚೆನ್ನಾಗಿರುವಾಗ ಅವರನ್ನೂ ಕೂರಿಸಿಕೊಂಡು ಇಂಥ ಮೂರು ಲಕ್ಷಣ ಬರೆದಿಟ್ಟುಕೊಳ್ಳಬೇಕು. ಅವು ಕಂಡರೆ ಚೀಟಿಯಲ್ಲಿರುವ ತಾರೀಖಿಗೆ ಕಾಯದೆ ಎರಡು ದಿನದೊಳಗೆ ವೈದ್ಯರನ್ನು ಕಾಣಬೇಕು. ಈ ಹಂತದಲ್ಲಿ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಎರಡು ವಾರ ಕಳೆದರೆ ಅಡ್ಮಿಷನ್ನೇ ಗತಿ.

ಬಿಡುಗಡೆಯ ನಂತರದ ಮೊದಲ ವಾರಗಳು, ಅದರಲ್ಲೂ ಮೊದಲ ಮೂರು ತಿಂಗಳು ಆತ್ಮಹತ್ಯೆಯ ದೃಷ್ಟಿಯಿಂದ ಅಪಾಯದ ಕಾಲ. ಕೀಟನಾಶಕದ ಡಬ್ಬಿ ಹಟ್ಟಿಯ ಮೂಲೆಯಲ್ಲಿ ಇರುವುದು ನಮ್ಮ ಹಳ್ಳಿಮನೆಗಳ ವಾಡಿಕೆ. ರೋಗಿ ಮನೆಗೆ ಬರುವ ಮೊದಲೇ ಅದನ್ನು ಮನೆಯಿಂದಾಚೆ ಸಾಗಿಸಬೇಕು. ತಿಂಗಳ ಮಾತ್ರೆ ಮನೆಯವರೊಬ್ಬರ ಕೈಯಲ್ಲಿ ಬೀಗದೊಳಗಿರಲಿ. ‘ಸಾಯುವ ಯೋಚನೆ ಬರುತ್ತದಾ?’ ಎಂದು ನೇರವಾಗಿ ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಮದುವೆಯ ವಿಚಾರದಲ್ಲಿ ಮೃದುವಾಗಿ ಹೇಳಲು ಆಗುವುದಿಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತೆ’ ಎಂಬುದು ತಪ್ಪು, ಮುಚ್ಚಿಟ್ಟು ಮಾಡುವುದು ಇನ್ನೂ ತಪ್ಪು. ಹೊಸ ಮನೆಯಲ್ಲಿ ಕದ್ದು ನುಂಗುವ ಮಾತ್ರೆ ತಿಂಗಳೊಳಗೆ ನಿಲ್ಲುತ್ತದೆ. ಬೈಪೋಲಾರ್ ಇರುವ ಹೆಣ್ಣಿಗೆ ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ತೀವ್ರವಾಗಿ ಮರುಕಳಿಸುವ ಸಂಭವ ಹೆಚ್ಚು. ಸೋಡಿಯಂ ವ್ಯಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಮದುವೆಯ ಮಾತು ಬಂದಾಗಲೇ ವೈದ್ಯರಿಗೆ ತಿಳಿಸಿದರೆ ಔಷಧಿ ಬದಲಿಸಿ ಯೋಜನೆ ಹಾಕಬಹುದು. ಈ ಕಾಯಿಲೆ ಇರುವ ಎಷ್ಟೋ ಮಂದಿ ಒಳ್ಳೆಯ ಸಂಸಾರ ನಡೆಸುತ್ತಾರೆ, ಎರಡೂ ಕಡೆಯವರಿಗೆ ಗೊತ್ತಿದ್ದರೆ.

ಮಂಗಳವಾರದ ಸಾಲು

ಮನೋಚೈತನ್ಯ ಯೋಜನೆಯಡಿ ಜಿಲ್ಲೆಯ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಜನ ಅದನ್ನು ಸೂಪರ್ ಟ್ಯೂಸ್‌ಡೇ ಎನ್ನುತ್ತಾರೆ. ಒಬ್ಬರೇ ವೈದ್ಯರು ಹಲವು ತಾಲ್ಲೂಕು ಸುತ್ತುವುದರಿಂದ ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹಳೆಯ ಚೀಟಿಗಳೆಲ್ಲ ಒಂದೇ ಫೈಲಿನಲ್ಲಿರಲಿ, ಉಳಿದ ಮಾತ್ರೆಯ ಹಾಳೆಯನ್ನೂ ಒಯ್ಯಿರಿ. ಎಷ್ಟು ಉಳಿದಿದೆ ಎಂಬುದರಿಂದಲೇ ಎಷ್ಟು ದಿನ ತಪ್ಪಿದೆ ಎಂದು ವೈದ್ಯರಿಗೆ ಗೊತ್ತಾಗುತ್ತದೆ.

ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜು, ಇಬ್ಬರ ಎರಡು ದಿನದ ಕೂಲಿ ಉಳಿಯುವುದೇ ಈ ವ್ಯವಸ್ಥೆಯ ದೊಡ್ಡ ಲಾಭ. ಆದರೆ ಉದ್ದದ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಮಾತ್ರೆ ಬರೆಯಬಹುದೇ ಹೊರತು ಮೇಲೆ ಹೇಳಿದ ಯಾವುದನ್ನೂ ಕಲಿಸಲು ಆಗದು. ಕ್ರಮೇಣ ರೋಗಿ ಬರುವುದು ನಿಂತು ಮನೆಯವರೊಬ್ಬರು ಚೀಟಿ ತೋರಿಸಿ ಮಾತ್ರೆ ಒಯ್ಯುತ್ತಾರೆ. ಬಿತ್ತನೆ, ಕೊಯ್ಲಿನ ತಿಂಗಳಲ್ಲಿ ಇದನ್ನು ತಪ್ಪೆನ್ನಲಾಗದು. ಆದರೆ ಮೂರು ತಿಂಗಳಿಗೊಮ್ಮೆಯಾದರೂ ರೋಗಿಯೇ ಬಂದು ತೂಕ, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು.

ಹಾಗಾದರೆ ಮಾಡಬಹುದಾದ್ದೇನು? ಅದೇ ಮಂಗಳವಾರ ಬಂದ ಹತ್ತು ಹನ್ನೆರಡು ಕುಟುಂಬಗಳನ್ನು ಪಕ್ಕದ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರಿಸಿ ಮಾತನಾಡಿಸಬಹುದು. ಒಂದು ತಿಂಗಳು ಮಾತ್ರೆ, ಇನ್ನೊಂದು ತಿಂಗಳು ಮುನ್ಸೂಚನೆ, ಮತ್ತೊಂದು ತಿಂಗಳು ಸರ್ಕಾರಿ ಸವಲತ್ತು. ಜಿಲ್ಲಾ ತಂಡದಲ್ಲಿ ಸಾಮಾಜಿಕ ಕಾರ್ಯಕರ್ತರ ಹುದ್ದೆ ಇರುವುದೇ ಇಂಥ ಕೆಲಸಕ್ಕೆ, ಬರೀ ವರದಿ ತುಂಬುವುದಕ್ಕಲ್ಲ. ಎಂಟು ವರ್ಷ ಮಗನನ್ನು ನೋಡಿಕೊಂಡ ತಾಯಿಯ ಮಾತು ಹೊಸದಾಗಿ ಬಂದವರಿಗೆ ಡಾಕ್ಟರ ಮಾತಿಗಿಂತ ಬೇಗ ನಾಟುತ್ತದೆ.

ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ನಾಲ್ಕು ಗಂಟೆ ಕನ್ನಡದಲ್ಲೂ ಸಿಗುತ್ತದೆ, ದುಡ್ಡಿಲ್ಲ. ರೋಗಿಯೇ ಕರೆ ಮಾಡಬೇಕೆಂದಿಲ್ಲ. ‘ಮಾತ್ರೆ ಬೇಡ ಅಂತಾನೆ, ಏನು ಮಾಡಲಿ’ ಎಂದು ಕೇಳಲು ಮನೆಯವರೂ ಮಾಡಬಹುದು. ಆದರೆ ಕೈಯಲ್ಲಿ ಮಚ್ಚು ಹಿಡಿದಿರುವಾಗ, ವಿಷ ಕುಡಿದಾಗ ಫೋನಿನಲ್ಲಿ ಹೊತ್ತು ಕಳೆಯಬಾರದು, 108 ಅಥವಾ 112ಕ್ಕೆ ಕರೆ ಮಾಡಬೇಕು.

ಒಪ್ಪದವರನ್ನು ದಾಖಲಿಸುವುದು

ಮನೆಯವರ ಸಿಟ್ಟು ಹೆಚ್ಚಾಗಿ ಸಿಡಿಯುವುದು ಇಲ್ಲಿ. 2018ರ ಮೇಯಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ ಪ್ರಕಾರ ಕರೆತಂದವರು ಬರೀ ಸಹಿ ಹಾಕಿದರೆ ದಾಖಲಾತಿ ಆಗದು. ರೋಗಿ ಒಪ್ಪದಿದ್ದರೆ 89ನೇ ಸೆಕ್ಷನ್ ಅಡಿ ಅವರ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿ (ಸಾಮಾನ್ಯವಾಗಿ ರೋಗಿಯೇ ಮೊದಲು ಹೆಸರಿಸಿಟ್ಟವರು) ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಅದೇ ದಿನ ಇಲ್ಲವೇ ಹಿಂದಿನ ಏಳು ದಿನಗಳೊಳಗೆ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ತನಗೆ ಅಥವಾ ಇತರರಿಗೆ ಹಾನಿ ಮಾಡುವ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕುವ ಸ್ಥಿತಿ ಇರಬೇಕು. ಅವಧಿ ಮೊದಲಿಗೆ 30 ದಿನ. ಆದ್ದರಿಂದ ಏನೇನಾಯಿತು, ಯಾವ ದಿನ ಎಂದು ಬರೆದಿಟ್ಟ ಹಾಳೆ ಆಸ್ಪತ್ರೆಯಲ್ಲಿ ‘ತುಂಬಾ ತೊಂದರೆ ಕೊಡ್ತಾನೆ ಸಾರ್’ ಎಂಬುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ದೊಡ್ಡ ಆಸ್ಪತ್ರೆ ದೂರವಿದ್ದರೆ 94ನೇ ಸೆಕ್ಷನ್ ನೆನಪಿರಲಿ: ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಅಲೆಯುತ್ತಿರುವವರನ್ನು ಪೊಲೀಸರು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸರಪಳಿ ಹಾಕುವುದು ಸಂಪೂರ್ಣ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾ ಬಳಿ ಮನೋರೋಗಿಗಳನ್ನು ಇಟ್ಟಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಅವರಲ್ಲಿ ಹೆಚ್ಚಿನವರನ್ನು ಅಲ್ಲಿ ಬಿಟ್ಟುಹೋಗಿದ್ದವರು ಬೇರೆ ದಾರಿ ಕಾಣದ ಮನೆಯವರೇ.

ಅಂಗವೈಕಲ್ಯದ ಕಾರ್ಡು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿನ ಮೇಲೆ ಪಿಂಚಣಿ ಮುಂತಾದ ಸವಲತ್ತುಗಳಿಗೆ ದಾರಿಯಾಗುತ್ತದೆ. ಅಳತೆಗೆ ಬಳಸುವ ಐಡಿಯಾಸ್ ಮಾಪನದಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೆ 0ರಿಂದ 4ರವರೆಗೆ ಅಂಕ, ಜೊತೆಗೆ ಕಾಯಿಲೆಯ ಅವಧಿಗೆ ಅಂಕ. ಒಟ್ಟು 20ರಲ್ಲಿ 7 ಬಂದರೆ ಶೇ. 40. ಮುಜುಗರಕ್ಕೆ ‘ಸ್ನಾನ ಊಟ ಎಲ್ಲ ತಾನೇ ಮಾಡ್ಕೋತಾನೆ’ ಎಂದು ಹೇಳಿ ಅಂಕ ಕಳೆದುಕೊಳ್ಳುವವರು ಬಹಳ. ಎಷ್ಟು ಸಲ ಹೇಳಿದ ಮೇಲೆ ಮಾಡುತ್ತಾರೆ ಎಂಬುದನ್ನೂ ಹೇಳಬೇಕು. ಅರ್ಜಿಯಲ್ಲಿ ಬುದ್ಧಿಮಾಂದ್ಯತೆ ಮತ್ತು ಮಾನಸಿಕ ಕಾಯಿಲೆ ಎಂಬ ಎರಡು ಬೇರೆ ಬೇರೆ ವರ್ಗಗಳಿವೆ, ತಪ್ಪು ವರ್ಗಕ್ಕೆ ಗುರುತು ಹಾಕಿದರೆ ಅರ್ಜಿ ತಿರುಗಿ ಬರುತ್ತದೆ.

ನಮ್ಮ ನಂತರ ಯಾರು

ಸಾಮಾಜಿಕ ಕಾರ್ಯಕರ್ತರೊಡನೆ ಸ್ವಲ್ಪ ಸಲಿಗೆ ಬೆಳೆದ ಮೇಲೆ ವಯಸ್ಸಾದ ತಂದೆತಾಯಿ ಕೇಳುವ ಪ್ರಶ್ನೆ ಇದೊಂದೇ. ತಾಯಿಗೆ ಎಪ್ಪತ್ತು, ಮಗನಿಗೆ ನಲವತ್ತೈದು. ಅಣ್ಣತಮ್ಮಂದಿರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸಮಾಜದ ನಡುವೆ ಬದುಕುವುದು ಇವರ ಹಕ್ಕು, ಕುಟುಂಬದೊಡನೆ ಇರಲಾಗದವರಿಗೆ ಬೆಂಬಲ ಒದಗಿಸುವುದು ಸರ್ಕಾರದ ಹೊಣೆ. ರಾಜ್ಯದಲ್ಲಿ ಹಗಲು ಆರೈಕೆಗೆ ಮಾನಸಧಾರ ಕೇಂದ್ರಗಳಿವೆ. ರಾತ್ರಿಯೂ ಇರಬಲ್ಲ, ಬಡವರ ಕೈಗೆಟುಕುವ ವಸತಿ ಬೇಕಾದಷ್ಟಿಲ್ಲ. ಕುಟುಂಬಗಳು ಒಟ್ಟಾಗಿ ಜಿಲ್ಲಾಡಳಿತವನ್ನು ಕೇಳಬೇಕಾದ್ದು ಇದನ್ನೇ.

ಅದು ಬರುವವರೆಗೆ ಮನೆಯಲ್ಲೇ ಆಗಬಹುದಾದ ಕೆಲಸಗಳಿವೆ. ರೋಗಿ ಚೆನ್ನಾಗಿರುವಾಗ ಬಿಳಿ ಹಾಳೆಯಲ್ಲಿ ತನಗಿಷ್ಟವಾದ, 18 ದಾಟಿದ ಒಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿಯೆಂದು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಆ ಪ್ರತಿನಿಧಿಯೂ ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಸಾಕು, ಅದು ಕಾನೂನಿನ ಪ್ರಕಾರ ನಡೆಯುತ್ತದೆ. ಅವರು ತಮ್ಮನಾಗಬಹುದು, ಅಕ್ಕನ ಮಗಳಾಗಬಹುದು, ರಕ್ತಸಂಬಂಧವೇ ಇಲ್ಲದ ಗೆಳೆಯನೂ ಆಗಬಹುದು. ಆಸ್ತಿಯ ಉಸ್ತುವಾರಿಗೆ ಈ ಕಾಯ್ದೆಯಲ್ಲಿ ಅವಕಾಶವಿಲ್ಲದ ಕಾರಣ ತಂದೆತಾಯಿ ಬದುಕಿರುವಾಗಲೇ ವಕೀಲರನ್ನು ಕಂಡು ಉಯಿಲು ಅಥವಾ ಟ್ರಸ್ಟ್ ಮಾಡಿಡಬೇಕು. ಆ ಪ್ರತಿನಿಧಿಯನ್ನು ಈ ವರ್ಷವೇ ಒಂದು ಮಂಗಳವಾರ ಜೊತೆಗೆ ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಗೆ ಪರಿಚಯಿಸಬೇಕು, ಫೈಲು ಎಲ್ಲಿದೆ ಎಂದು ತೋರಿಸಬೇಕು, ಒಂದೆರಡು ತಿಂಗಳು ಮಾತ್ರೆ ತರುವ ಕೆಲಸ ಅವರಿಗೇ ಕೊಟ್ಟು ನೋಡಬೇಕು.